ನೀರಿಗಿಂತ ಮುಂಚೆ ಸುದ್ದಿ

ಆ ವರ್ಷದ ಯುಗಾದಿಯ ಬೆಳಗ್ಗೆ, ದಾವಣಗೆರೆಯ ವಿನೋಬನಗರದ ಒಂದು ಅಡ್ಡರಸ್ತೆಯಲ್ಲಿ, ಇಪ್ಪತ್ತೇಳು ಮನೆಗಳ ಜನ ಮೈತುಂಬ ಹರಳೆಣ್ಣೆ ಹಚ್ಚಿಕೊಂಡು ಒಣನಲ್ಲಿಗಳ ಮುಂದೆ ನಿಂತಿದ್ದರು. ಬಾಗಿಲಿಗೆ ಮಾವಿನ ತೋರಣ ಏರಿತ್ತು. ಒಲೆಗೆ ಬೆಂಕಿ ಬಿದ್ದಿತ್ತು. ಬೇವು ಬೆಲ್ಲ ಬಟ್ಟಲಲ್ಲಿ ಕಲಸಿ ಸಿದ್ಧವಾಗಿತ್ತು. ಹಂಡೆಯಲ್ಲಿ ಮಾತ್ರ ತೊಟ್ಟು ನೀರಿರಲಿಲ್ಲ. ಹಬ್ಬದ ಹಿಂದಿನ ದಿನ ಹಂಡೆ, ಕೊಡ, ಡ್ರಮ್ಮುಗಳನ್ನೆಲ್ಲ ಬರಿದುಮಾಡಿ, ತಿಕ್ಕಿ ತೊಳೆದು ಬೋರಲು ಹಾಕುವುದು ಆ ಕೇರಿಯ ವಾಡಿಕೆ. ಆದ್ದರಿಂದ ಹಳೆಯ ನೀರಿನ ಆಸರೆಯೂ ಇರಲಿಲ್ಲ.

ಆ ಸಾಲಿನಲ್ಲಿ ನೇತ್ರಾವತಿಯೂ ನಿಂತಿದ್ದಳು. ಎಣ್ಣೆ ಆಕೆಯ ಕಿವಿಯ ಹಿಂದಿನಿಂದ ಇಳಿದು ಕತ್ತಿಗೆ ಬಂದು ರವಕೆಯ ಅಂಚನ್ನು ನೆನೆಸುತ್ತಿತ್ತು. ಉಳಿದವರಿಗೆ ನೀರಿಲ್ಲವೆಂಬ ಸಂಕಟ ಒಂದೇ. ಆಕೆಗೆ ಅದರ ಮೇಲೆ ಇನ್ನೊಂದು ಇತ್ತು. ಈ ದಿನ ಆರು ಗಂಟೆಗೆ ನೀರು ಬರುವುದೆಂದು ಇಪ್ಪತ್ತೇಳು ಮನೆಗಳಿಗೂ ತಿಳಿಸಿದ ‘ನೀರವೇಳೆ’ ಎಂಬ ಆ್ಯಪ್‌ನ ನಿರ್ವಹಣೆ ಆಕೆಯ ಕೈಯಲ್ಲಿತ್ತು. ಪ್ರತಿ ಮನೆಯ ಫೋನಿಗೂ ತಾನೇ ಹೋಗಿ ಅದನ್ನು ಹಾಕಿಕೊಟ್ಟವಳೂ ಆಕೆಯೇ.

ನೀರು ಐದು ಗಂಟೆಗೇ ಬಂದು ಐದೂಮುಕ್ಕಾಲಿಗೆ ನಿಂತುಹೋಗಿತ್ತು.

ಎದುರುಮನೆಯ ರಂಗವ್ವ ತನ್ನ ಜಗಲಿಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಎಣ್ಣೆಯಿಂದ ಮಿರುಗುವ ಆ ಮುಖದಲ್ಲಿ ಸಿಟ್ಟು ಇಮ್ಮಡಿಯಾಗಿ ಹೊಳೆಯುತ್ತಿತ್ತು.

“ಏ ನೇತ್ರಾ! ಬಾ ಇಲ್ಲಿ, ನೋಡಿಲ್ಲಿ ನಿನ್ನ ಫೋನು. ಐದಕ್ಕೆ ಎದ್ದು ನೋಡಿದೆ, ಆರು ಅಂತು. ಸರಿ ಅಂತ ಮಗ್ಗಲಾದೆ. ಈಗ ನೋಡಿದ್ರೆ ಐದು ಅಂತೈತೆ! ಹೋದ ನೀರಿಗೆ ಈಗ ಟೈಮ್ ಹೇಳ್ತೈತಲ್ಲೇ ಇದು!”

“ಅವ್ವಾ, ತಪ್ಪಾಗೇತಿ. ಅದು…”

“ತಪ್ಪು ತೊಳಕೊಳ್ಳಾಕೂ ನೀರು ಬೇಕಲ್ಲ ತಾಯಿ. ಹಿಂಗೇ ಎಣ್ಣಿ ಮೆತ್ಕೊಂಡು ಒಬ್ಬಟ್ಟು ತಟ್ಟಲೇನು? ಜಾರಿ ಬಾಣಲಿಗೆ ನಾನೇ ಬೀಳ್ತೀನಿ.”

ಕೇರಿ ನಕ್ಕಿತು. ನೇತ್ರಾವತಿಗೆ ಆ ನಗು ಬೈಗುಳಕ್ಕಿಂತ ಹೆಚ್ಚು ತಾಕಿತು. ಅಂದು ಜನ ಮುಂದಿನ ಬೀದಿಯ ಬೋರ್‌ವೆಲ್‌ನಿಂದ ಸಪ್ಪಳವಿಲ್ಲದೆ ಕೊಡ ಹೊತ್ತು ತಂದು ಮಿಂದರು. ನೇತ್ರಾವತಿ ಮೀಯಲಿಲ್ಲ. ಎಣ್ಣೆಯನ್ನು ಹಳೆಯ ಟವೆಲ್ಲಿನಿಂದ ಒರೆಸಿಕೊಂಡು, ತಲೆಗೆ ಸೆರಗು ಹೊದ್ದು, ಕಂಪ್ಯೂಟರಿನ ಮುಂದೆ ಕುಳಿತಳು.

ಈ ನೇತ್ರಾವತಿ ಹುಟ್ಟಿದ್ದು ಹರಿಹರದ ಹತ್ತಿರದ ಕೊಂಡಜ್ಜಿಯಲ್ಲಿ, ಕಾಟಪ್ಪನೆಂಬ ಒಕ್ಕಲಿನವನ ಮಗಳಾಗಿ. ಕೆರೆಯಿಂದ ಕೊಡದ ಮೇಲೆ ಕೊಡ ಹೊತ್ತು ಬರುವ ಅವ್ವನ ಹಿಂದೆ, ಸಣ್ಣ ತಂಬಿಗೆ ಹೊತ್ತು ನಡೆಯುತ್ತ ಬೆಳೆದವಳು. ಕೆರೆಯ ಮಗ್ಗುಲಿನ ಸ್ಕೌಟ್ ಮೈದಾನದಲ್ಲಿ ಊದುವ ಸೀಟಿಯೇ ಆಕೆಯ ಬಾಲ್ಯದ ಗಡಿಯಾರ; ಆ ಸೀಟಿ ಕೇಳುವ ಮೊದಲು ಎರಡನೆಯ ಸರದಿಯ ನೀರು ಮನೆ ಸೇರಿರಬೇಕು. ದಾವಣಗೆರೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿ, ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಹಿಡಿಯುವ ಎರ್ರಿಸ್ವಾಮಿಯ ಕೈಹಿಡಿದು, ವಿನೋಬನಗರಕ್ಕೆ ಬಂದಳು. ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತ್ತು. ನೀರು ಬರುವ ಹೊತ್ತು ತಿಳಿಯದೆ, ನಲ್ಲಿಯ ಮುಂದೆ ಕಾದು ಕುಳಿತು, ಒಂದೇ ತಿಂಗಳಲ್ಲಿ ನಾಲ್ಕು ಸಲ ತಡವಾಗಿ ಹೋದದ್ದಕ್ಕೆ ಆ ಕೆಲಸ ಹೋಯಿತು.

ಆಗ ನೀರಿನ ಸುದ್ದಿ ಬರುತ್ತಿದ್ದುದು ಮೈಕು ಕಟ್ಟಿದ ಆಟೊದಿಂದ. ಅದು ಮುಖ್ಯರಸ್ತೆಯಲ್ಲಿ ಕೂಗಿಕೊಂಡು ಹೋದರೆ ಒಳಗಿನ ಕೇರಿಗಳಿಗೆ ಬರಿಯ ಗುಂಯ್‌ಗುಟ್ಟುವಿಕೆ ಮುಟ್ಟುತ್ತಿತ್ತು. ಮಂಡಕ್ಕಿ ಭಟ್ಟಿಗೆ, ಬಟ್ಟೆಯಂಗಡಿಗೆ, ಆಸ್ಪತ್ರೆಯ ಕಸಗುಡಿಸುವ ಕೆಲಸಕ್ಕೆ ಹೋಗಬೇಕಾದ ಹೆಂಗಸರು ನಲ್ಲಿಯ ಬಾಯನ್ನೇ ನೋಡುತ್ತ ಅರ್ಧದಿನ ಕಳೆಯುತ್ತಿದ್ದರು. ಮನೆಯಲ್ಲಿ ಕುಳಿತ ಆ ವರ್ಷಗಳಲ್ಲಿ ನೇತ್ರಾವತಿ ಪ್ರೋಗ್ರಾಮ್ ಬರೆಯುವುದನ್ನು ಪುಸ್ತಕ ತೆರೆದುಕೊಂಡು ತಾನೇ ಕಲಿತಳು. ಮೂವತ್ತಾರನೆಯ ವಯಸ್ಸಿಗೆ ಎಸ್.ಎಸ್. ಬಡಾವಣೆಯ ಮೂರು ಕೋಣೆಗಳ ಸಾಫ್ಟ್‌ವೇರ್ ಕಚೇರಿಯೊಂದನ್ನು ಸೇರಿದಳು. ಐದು ವರ್ಷಗಳ ತರುವಾಯ, ಬಡಾವಣೆಗಳ ನೀರಿನ ಸಮಿತಿಗೆ ಆ ಕಚೇರಿ ಮಾಡಿಕೊಟ್ಟ ‘ನೀರವೇಳೆ’ ಆಕೆಯ ಪಾಲಿಗೆ ಬಂದಾಗ, ಅದು ಆಕೆಗೆ ಬರಿಯ ನೌಕರಿಯಾಗಿರಲಿಲ್ಲ. ಕೇರಿಯ ಹೆಂಗಸರಿಗೆ ತಮ್ಮ ಬೆಳಗುಗಳನ್ನು ಮರಳಿಸುವ ಕೈಂಕರ್ಯವಾಗಿತ್ತು.

ಹಾಗಾದರೆ ಯುಗಾದಿಯಂದು ತಪ್ಪಿದ್ದೆಲ್ಲಿ? ಎಣ್ಣೆಸ್ನಾನಕ್ಕೆ ಅನುಕೂಲವಾಗಲೆಂದು ಹಬ್ಬದ ದಿನ ಒಂದು ಗಂಟೆ ಮೊದಲೇ ನೀರು ಬಿಡುವುದು ನೀರುಗಂಟಿಗಳ ಹಳೆಯ ರೂಢಿ. ಅದು ಯಾವ ಕಾಗದದಲ್ಲಿಯೂ ಬರೆದದ್ದಲ್ಲ. ಬಡಾವಣೆಯ ನೀರುಗಂಟಿ ಹಯಾತ್ ಸಾಬ್ ಬೆಳಗಿನ ನಾಲ್ಕೂಮುಕ್ಕಾಲಿಗೆ ಹರಿಹರದ ಬಳಿಯ ಪಂಪ್‌ಹೌಸಿಗೆ ಫೋನು ಮಾಡಿ ಕೇಳಿಕೊಂಡರು. ಅಲ್ಲಿನ ಆಪರೇಟರ್ ಮಾಳಿಂಗಪ್ಪ ಸಮಯವನ್ನು ಕಂಪ್ಯೂಟರಿನಲ್ಲಿ ಬದಲಿಸಿಯೂ ಬಿಟ್ಟರು. ಮೂಲದಲ್ಲಿ ಬದಲಾದದ್ದು ಫೋನುಗಳಿಗೆ ಮುಟ್ಟಲಿಲ್ಲ.

ಕಾರಣ ಹೀಗಿತ್ತು. ಊರಿನ ಒಂದು ಲಕ್ಷ ಹನ್ನೆರಡು ಸಾವಿರ ನಲ್ಲಿಗಳ ವೇಳೆ ಮೂಲಗ್ರಂಥವೊಂದರಲ್ಲಿ ಇರುವುದೆಂದು ತಿಳಿಯೋಣ. ಪ್ರತಿ ಫೋನೂ ಪ್ರತಿ ಸಲ ಮೂಲವನ್ನೇ ಬಿಚ್ಚಿಸಿ ನೋಡಹೊರಟರೆ ಮೂಲ ಬಳಲುತ್ತದೆ. ಆದುದರಿಂದ ಪ್ರತಿ ನಲ್ಲಿಗೂ ಒಂದೊಂದು ನಕಲನ್ನು ಮಾಡಿ, ಕ್ಯಾಶ್ ಮೆಮೊರಿ ಎಂಬ ಹತ್ತಿರದ ಗೂಡಿನಲ್ಲಿ ಇಟ್ಟಿರುತ್ತಾರೆ. ಫೋನು ಕೇಳಿದೊಡನೆ ಕೈಗೆ ಸಿಕ್ಕುವುದು ಆ ನಕಲು. ಮೂಲ ಬದಲಾದಾಗ ನಕಲುಗಳನ್ನೆಲ್ಲ ತೆಗೆದುಹಾಕಬೇಕು. ಇಲ್ಲದಿದ್ದರೆ ಗೂಡು ನಿನ್ನೆಯದನ್ನೇ ಇಂದೂ ಹೇಳುತ್ತ ಹೋಗುತ್ತದೆ. ಹಿಂದಿನವರಾರೋ ಅಂಜಿಕೆಯ ಕೈಯಿಂದ, ಒಂದು ಸಲಕ್ಕೆ ಐವತ್ತು ನಕಲು ಅಳಿಸು, ಒಂದು ಸೆಕೆಂಡು ನಿಲ್ಲು, ಮತ್ತೆ ಐವತ್ತು ಅಳಿಸು ಎಂದು ಬರೆದಿಟ್ಟಿದ್ದರು. ಆ ಐವತ್ತರ ಬ್ಯಾಚಿನಲ್ಲಿ ಎಲ್ಲವೂ ಅಳಿಯಲು ನಲವತ್ತು ನಿಮಿಷ. ವಿನೋಬನಗರದ ಸರದಿ ಕಟ್ಟಕಡೆಗೆ.

ಹಬ್ಬದ ಮರುದಿನ ಸಮಿತಿ ಸೇರಿತು. ಅಧ್ಯಕ್ಷ ಜಂಬಯ್ಯ ನಿವೃತ್ತ ಗಣಿತದ ಮೇಷ್ಟ್ರು. ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡೇ ಮಾತಾಡುವವರು.

“ನೋಡಮ್ಮ ನೇತ್ರಾವತಿ, ವಾಲ್ ತಿರುವಿದ ಮೇಲೆ ಕೊನೇ ಮನೆಗೆ ನೀರು ಮುಟ್ಟೋಕೆ ಮೂರು ನಿಮಿಷ ಬೇಕು. ನಿನ್ನ ಸುದ್ದಿ ಅದಕ್ಕಿಂತ ಮುಂಚೆ ಬರ್ಬೇಕು. ನೀರು ಬಂದಮೇಲೆ ಬರೋ ಸುದ್ದಿ ಯಾರಿಗೆ ಬೇಕು?”

“ಸರಿ ಮೇಷ್ಟ್ರೇ.”

“ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಬೇಸಗೆ ವೇಳಾಪಟ್ಟಿ ಶುರು. ಅವತ್ತು ಮೂರು ನಿಮಿಷದೊಳಗೆ ಬಂದ್ರೆ ನಿನ್ನ ಆ್ಯಪ್ ಉಳೀತು. ಇಲ್ಲಾಂದ್ರೆ ಮಂಗಳವಾರದಿಂದ ಮೈಕಿನ ಆಟೊ. ನನಗೂ ಬ್ಯಾಸರ ಐತಮ್ಮ, ಆದ್ರೆ ಜನ ಕೇಳಲ್ಲ.”

ಮೈಕಿನ ಆಟೊ! ಗುಂಯ್‌ಗುಡುವ ಆ ಸದ್ದು, ನಲ್ಲಿಯ ಮುಂದೆ ಕೂತ ಆ ಅರ್ಧದಿನಗಳು ನೇತ್ರಾವತಿಯ ಕಣ್ಣಮುಂದೆ ಸುಳಿದುಹೋದವು. ಹತ್ತು ದಿನಗಳ ಗಡುವು.

ಮೊದಲಿಗೆ ಆಕೆ ಎಲ್ಲರಿಗೂ ಹೊಳೆಯುವ ದಾರಿಯನ್ನೇ ಹಿಡಿದಳು: ಐವತ್ತೇಕೆ, ಒಂದೇ ಏಟಿಗೆ ಎಲ್ಲವನ್ನೂ ಅಳಿಸಿದರಾಯಿತು. ಕಚೇರಿಯ ಪರೀಕ್ಷಾಯಂತ್ರದಲ್ಲಿ ಹಾಗೆ ಮಾಡಿದಾಗ ಗೂಡು ಹನ್ನೊಂದು ಸೆಕೆಂಡು ಮೂಕವಾಯಿತು. ಮರಳಿ ಉಸಿರಾಡುವ ಹೊತ್ತಿಗೆ, ನಕಲು ಸಿಕ್ಕದ ಫೋನುಗಳೆಲ್ಲ ಒಟ್ಟಿಗೇ ಮೂಲದ ಬಾಗಿಲಿಗೆ ನುಗ್ಗಿದವು; ಮೂಲವೂ ಕುಸಿಯಿತು. ಅಳಿಸಿದ ಒಂದೊಂದು ನಕಲೂ ಮೂಲದ ಬಾಗಿಲು ತಟ್ಟುವ ಒಬ್ಬೊಬ್ಬ ಅತಿಥಿ. ಲಕ್ಷ ಅತಿಥಿಗಳನ್ನು ಒಂದೇ ಪಂಕ್ತಿಗೆ ಕರೆಯಲಾಗದೆಂಬುದನ್ನು ಆಕೆ ಅಂದು ಅರಿತಳು.

ಬಳಿಕ ಬ್ಯಾಚಿನ ಅಳತೆಯನ್ನು ಏರಿಸುತ್ತ ಇಳಿಸುತ್ತ ಪ್ರಯೋಗಕ್ಕೆ ತೊಡಗಿದಳು. ಐನೂರು, ಸಾವಿರ, ಎರಡು ಸಾವಿರ. ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಐದು ಸಾವಿರದ ಬ್ಯಾಚು ಇಪ್ಪತ್ತಮೂರೇ ಸರದಿಗಳಲ್ಲಿ, ಅರ್ಧ ನಿಮಿಷದೊಳಗೆ ಇಡೀ ಊರಿನ ಹಳೆಯ ವೇಳೆಯನ್ನು ಗುಡಿಸಿಹಾಕಿತು. ನಲವತ್ತು ನಿಮಿಷದ್ದು ಅರ್ಧ ನಿಮಿಷಕ್ಕೆ! ಸಂಜೆ ಮನೆಗೆ ಬರುವಾಗ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದಳು.

ಬುಧವಾರ ಬೆಳಗ್ಗೆ ಆ ದೋಸೆಯ ರುಚಿ ಬಾಯಲ್ಲಿರುವಾಗಲೇ ಅನಾಹುತ. ಹರಿಹರದಲ್ಲಿ ಕರೆಂಟು ಹೋಗಿ ಸಮಯ ಅರ್ಧ ಗಂಟೆ ಮುಂದಕ್ಕೆ ಹೋಯಿತು. ಐದು ಸಾವಿರದ ಬ್ಯಾಚು ಹೊರಟಿತು. ಊರೆಲ್ಲ ಫೋನು ನೋಡುವ ಆ ಹೊತ್ತಿನಲ್ಲಿ ಗೂಡು ಪ್ರತಿ ಸರದಿಗೂ ತೇಕುತ್ತ ನಿಂತಿತು. ಎಂಟು ನಿಮಿಷ ಎಲ್ಲರ ಫೋನಿನಲ್ಲಿಯೂ ಬಿಳಿಯ ಹಾಳೆ.

ರಂಗವ್ವ ಜಗಲಿಯಿಂದಲೇ ಕೂಗಿದಳು: “ಯುಗಾದಿ ದಿನ ಸುಳ್ಳಾದ್ರೂ ಹೇಳಿತ್ತು. ಇವತ್ತು ಬಾಯೇ ಬಿಡವಲ್ದು! ಯಾಕ, ಸಿಟ್ಟು ಮಾಡ್ಕೊಂಡೈತೇನು ನನ್ನ ಮ್ಯಾಲೆ?”

ನೇತ್ರಾವತಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಉಳಿದದ್ದು ಐದು ದಿನ. ಯಾವ ಸಂಖ್ಯೆಯನ್ನು ಬರೆದರೆ ಸರಿ? ಸಣ್ಣದು ಸುರಕ್ಷಿತ, ಆದರೆ ತಡ. ದೊಡ್ಡದು ಬೇಗ, ಆದರೆ ಉಸಿರು ಕಟ್ಟುತ್ತದೆ. ನಡುವಿನದೊಂದನ್ನು ಆರಿಸಿದರೆ ಒಂದು ದಿನ ಸೈ ಎನಿಸಿ ಮರುದಿನ ಕೈಕೊಡುತ್ತದೆ. ಗುರುವಾರವೆಲ್ಲ ಸಂಖ್ಯೆಗಳನ್ನು ಬರೆದು ಬರೆದು ಒಂದು ನೋಟ್‌ಬುಕ್ಕೇ ಮುಗಿಯಿತು.

ಶುಕ್ರವಾರ ಬೆಳಗ್ಗೆ ಆರಕ್ಕೆ, ತಲೆಗೆ ಗಾಳಿ ತಾಕಲೆಂದು ಹೊರಬಂದವಳು ಕೇರಿಯ ಮೂಲೆಯ ವಾಲ್ ಗುಂಡಿಯ ಬಳಿ ನಿಂತಳು. ಹಯಾತ್ ಸಾಬ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಉದ್ದನೆಯ ಕಬ್ಬಿಣದ ಚಾವಿಯನ್ನು ತಿರುವುತ್ತಿದ್ದರು. ಮೂವತ್ತೊಂದು ವರ್ಷ ಇದೇ ಬಡಾವಣೆಗೆ ನೀರು ಬಿಟ್ಟ ಕೈ.

“ಬಾ ತಂಗಿ. ಏನು, ಮುಖ ಬಾಡೈತೆ?”

“ಏನು ಹೇಳಲಿ ಸಾಬ್ರೇ. ಮಧ್ಯಾಹ್ನ ನೋಡಿದಾಗ ಅರ್ಧ ನಿಮಿಷದಾಗ ಎಲ್ಲಾ ಅಳಿಸಿಹಾಕಿತ್ತು. ಬೆಳಿಗ್ಗೆ ಅದೇ ನಂಬರ್ ಹಾಕಿದ್ರೆ ಉಸಿರು ನಿಂತುಹೋತು.”

ಹಯಾತ್ ಸಾಬ್ ಚಾವಿಯ ಮೇಲೆ ಕೈಯಿಟ್ಟುಕೊಂಡೇ ನಕ್ಕರು. “ಮಧ್ಯಾಹ್ನ ಯಾರೂ ನೀರು ಕೇಳದಾಗ ವಾಲ್ ತಿರುವಿ ನೋಡಿದ್ರೆ ಏನ್ ತಿಳೀತೈತೆ ತಂಗಿ? ಪೈಪು ತುಂಬಿ ಮಲಗಿರ್ತೈತೆ. ಬೆಳಿಗ್ಗೆ ಅದರ ಮೈಯೇ ಬ್ಯಾರೆ.”

ಆಕೆ ಅಲ್ಲಿಯೇ ಕುಳಿತಳು. ಇದುವರೆಗೆ ನೂರು ಸಲ ಕಂಡ ಕೆಲಸವನ್ನು ಅಂದು ಮೊದಲ ಸಲ ನೋಡಿದಳು. ಸಾಬರು ಎರಡು ಸುತ್ತು ತಿರುವಿ ನಿಲ್ಲಿಸಿದರು. ಚಾವಿಯ ಹಿಡಿಗೆ ಅಂಗೈ ಆನಿಸಿ, ತಲೆ ಬಾಗಿಸಿ, ಕಣ್ಣು ಮುಚ್ಚಿದರು. ಒಳಗೆ ಗಾಳಿ ಗಳಗಳನೆ ಹೊರಟಿತು. ಸದ್ದು ತಗ್ಗಿದ ಮೇಲೆ ನಾಲ್ಕು ಸುತ್ತು. ಮತ್ತೆ ಅಂಗೈ. ಈ ಸಲ ಬೇಗನೆ ತಲೆಯಾಡಿಸಿ ಎಂಟು ಸುತ್ತು. ಒಮ್ಮೆಲೇ ಕಬ್ಬಿಣ ನಡುಗಿತು. ಕೂಡಲೇ ಅವರು ಹಿಂದಕ್ಕೆ ನಾಲ್ಕು ಸುತ್ತು ಕಟ್ಟಿದರು, ನಡುಕ ಇಳಿಯುವ ತನಕ ಕಾದರು, ಮತ್ತೆ ಒಂದೊಂದೇ ಸುತ್ತು ಬಿಡುತ್ತ ಹೋದರು.

“ಸಾಬ್ರೇ, ಮೊದಲಿಗೆ ಎಷ್ಟು, ಆಮೇಲೆ ಎಷ್ಟು ಅಂತ ಒಂದು ಚೀಟಿಯಾಗ ಬರಕೊಡ್ತೀರಾ?”

“ಬರಕೊಟ್ರೆ ಅದು ನಿನ್ನೆ ನೀರಿಂದು ಆಗ್ತೈತೆ, ಇವತ್ತಿಂದಲ್ಲ.” ಅವರು ಚಾವಿಯನ್ನು ಹೆಗಲಿಗೆ ಏರಿಸಿಕೊಂಡರು. “ನಂಬರು ನನ್ನ ತಲೆಯಾಗ ಇಲ್ಲ ತಂಗಿ. ಪೈಪೇ ಹೇಳ್ತೈತೆ. ಸುಮ್ಮನಿದ್ರೆ ಜಾಸ್ತಿ ಬಿಡು ಅಂತ, ನಡುಗಿದ್ರೆ ಅರ್ಧ ಕಟ್ಟು ಅಂತ. ನಾನು ಕೇಳಿಸ್ಕೊಂತೀನಿ, ಅಷ್ಟೇ.”

ನೇತ್ರಾವತಿ ಥಟ್ಟನೆ ಎದ್ದುನಿಂತಳು. ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು, ಆ ಮುದುಕರಿಗೆ ಕೈಮುಗಿದು, ಮತ್ತೆ ಓಡಿದಳು. ಹಯಾತ್ ಸಾಬ್ ಬೆಕ್ಕಸಬೆರಗಾಗಿ ಚಾವಿಯನ್ನೇ ಒಮ್ಮೆ ನೋಡಿಕೊಂಡರು.

ಆ ಎರಡು ದಿನ ಆಕೆ ಬರೆದದ್ದು ಬಹಳವೇನಲ್ಲ, ಅರವತ್ತು ಸಾಲು. ಯಾವ ಸಂಖ್ಯೆಯನ್ನೂ ಸ್ಥಿರವಾಗಿ ನಿಲ್ಲಿಸಲಿಲ್ಲ. ಇನ್ನೂರರಿಂದ ತೊಡಗು, ಆ ಬ್ಯಾಚು ಅಳಿಯಲು ಹಿಡಿದ ಹೊತ್ತನ್ನು ಅಳೆ, ಬೇಗ ಮುಗಿದರೆ ಮುಂದಿನದನ್ನು ಇಮ್ಮಡಿಸು, ತಡವಾದರೆ ತತ್‌ಕ್ಷಣ ಅರ್ಧಕ್ಕಿಳಿಸು, ಬಳಿಕ ಇನ್ನೂರಿನ್ನೂರಾಗಿ ಮೆಲ್ಲನೆ ಏರು. ಹಿಂದಿನವರ ಒಂದು ಸೆಕೆಂಡಿನ ವಿರಾಮವನ್ನೂ ತೆಗೆದುಹಾಕಿ, ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೋ ಅಷ್ಟೇ ಹೊತ್ತು ಬಿಡುವು ಎಂದಿಟ್ಟಳು. ಬೆಳಗಿನ ನೂಕುನುಗ್ಗಲನ್ನು ಕೃತಕವಾಗಿ ಹುಟ್ಟಿಸಿ ಪರೀಕ್ಷಿಸಿದಾಗ ಎರಡು ನಿಮಿಷದೊಳಗೆ ಕೆಲಸ ಮುಗಿಯಿತು. ಆದರೆ ಕೃತಕವಾದ ಬೆಳಗನ್ನು ನಂಬುವ ಎದೆ ಬುಧವಾರದ ತರುವಾಯ ಆಕೆಗೆ ಉಳಿದಿರಲಿಲ್ಲ.

ಭಾನುವಾರ ಎರ್ರಿಸ್ವಾಮಿ ಹೆಂಡತಿಯನ್ನು ಹರಿಹರಕ್ಕೆ ಕರೆದುಕೊಂಡು ಹೋದ. “ಕಂಪ್ಯೂಟರ್ ಮುಂದೆ ಕೂತು ಕೂತು ಕಣ್ಣು ಕೆಂಡ ಆಗ್ಯಾವು. ದೇವರ ಮುಖಾನಾದ್ರೂ ನೋಡು” ಎಂದ.

ಹರಿಹರೇಶ್ವರನ ಸನ್ನಿಧಿಯ ಕಂಬಗಳ ನಡುವೆ ತಂಪಿತ್ತು. ಗರ್ಭಗುಡಿಯಲ್ಲಿ ಒಂದೇ ವಿಗ್ರಹ. ಬಲಗಡೆಯ ಅರ್ಧ ಹರ, ಎಡಗಡೆಯ ಅರ್ಧ ಹರಿ. ಹುಟ್ಟಿದಂದಿನಿಂದ ಕಂಡ ಮೂರ್ತಿ. ಆರತಿಯ ಬೆಳಕು ಆ ಕಡೆಯಿಂದ ಈ ಕಡೆಗೆ ಹರಿಯುವಾಗ ಆಕೆಯ ಮನಸ್ಸು ನಿಂತಿತು. ಕಾದಿಡುವವನು ಒಬ್ಬ, ಲಯಗೊಳಿಸುವವನು ಒಬ್ಬ. ಆದರೂ ದೇಹ ಒಂದೇ, ನಿಂತ ಪೀಠ ಒಂದೇ. ಇಟ್ಟುಕೊಂಡದ್ದನ್ನು ಹೊತ್ತರಿತು ಅಳಿಸದಿದ್ದರೆ ಕಾಪು ಎಂಬುದೇ ಕೊಳೆಯುತ್ತದೆ. ಅಳತೆಯರಿಯದೆ ಅಳಿಸಿದರೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಎರಡೂ ಒಂದೇ ಕೈಯ ಹದದಲ್ಲಿ ಇರಬೇಕು. ತಾನು ಬರೆದ ಅರವತ್ತು ಸಾಲುಗಳು ಆ ಎರಡು ಅರ್ಧಗಳು ಕೂಡುವ ಗೆರೆಯ ಮೇಲೆ ನಿಂತಿರುವಂತೆ ಆಕೆಗೆ ತೋರಿತು. ಏನನ್ನೂ ಬೇಡಿಕೊಳ್ಳದೆ, ಕೈಮುಗಿದು ಹೊರಬಂದಳು.

ಅಲ್ಲಿಂದ ಇಬ್ಬರೂ ತುಂಗಭದ್ರೆಯ ದಡದ ಪಂಪ್‌ಹೌಸಿಗೆ ಹೋದರು. ಮಾಳಿಂಗಪ್ಪ ಫೋನಿನಲ್ಲಿ ಮಾತ್ರ ಪರಿಚಿತರಾಗಿದ್ದವರು. ದಪ್ಪ ಮೀಸೆಯ, ಮೆಲುದನಿಯ ಮನುಷ್ಯ.

“ಕೂಡ್ರಿ ಮೇಡಂ. ಒಂದು ಮಾತು ಹೇಳ್ತೀನಿ, ಬೇಜಾರಾಗಬ್ಯಾಡ್ರಿ. ಕರೆಂಟು ಹೋದ್ರೆ ಟೈಮು ಬದ್ಲಿ ಮಾಡ್ತೀನಿ. ಹತ್ತು ನಿಮಿಷಕ್ಕೆ ಬಂದ್ರೆ ಮತ್ತೆ ಬದ್ಲಿ ಮಾಡ್ತೀನಿ. ನಿಮ್ಮ ಮಿಷನ್ನು ತಡ್ಕೊಂತೈತೋ?”

“ನಾಳೆ ನೋಡ್ರಿ ಸಾರ್. ಬದಲು ಮಾಡಿದ ಕೂಡ್ಲೇ ನನಗೊಂದು ಫೋನ್ ಮಾಡಿಬಿಡ್ರಿ, ಸಾಕು.”

ಸೋಮವಾರ ಬೆಳಗಿನ ಐದೂವರೆಗೇ ಕೇರಿ ಎದ್ದಿತ್ತು. ಬೇಸಗೆಯ ವೇಳಾಪಟ್ಟಿಯ ಮೊದಲ ದಿನ. ಫೋನುಗಳಲ್ಲಿ ಆರು ಗಂಟೆ ಎಂದು ಬರೆದಿತ್ತು. ಜಂಬಯ್ಯ ಮೇಷ್ಟ್ರು ನಡೆದುಕೊಂಡೇ ಬಂದು ರಂಗವ್ವನ ಜಗಲಿಯ ಮೇಲೆ ಕುಳಿತು ಕೈಗಡಿಯಾರ ಬಿಚ್ಚಿದರು. ಹಯಾತ್ ಸಾಬ್ ವಾಲ್ ಗುಂಡಿಯ ಹತ್ತಿರ ಚಾವಿ ಊರಿ ನಿಂತರು. ನೇತ್ರಾವತಿ ತನ್ನ ಮನೆಯ ಹೊಸ್ತಿಲ ಮೇಲೆ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಕುಳಿತಿದ್ದಳು.

“ಇವತ್ತೇನು ಹೇಳ್ತೈತೋ ನೋಡಾಣ” ಎಂದಳು ರಂಗವ್ವ, ಫೋನನ್ನು ಕಣ್ಣಿಂದ ಮಾರುದೂರ ಹಿಡಿದು. “ಸುಳ್ಳು ಹೇಳಿದ್ರೆ ಮೇಷ್ಟ್ರು ಅದಾರ, ಬೆಂಚ್ ಮ್ಯಾಲೆ ನಿಲ್ಲಿಸ್ತಾರ.”

ಐದು ಐವತ್ತೆರಡಕ್ಕೆ ನೇತ್ರಾವತಿಯ ಫೋನು ಬಡಿದುಕೊಂಡಿತು. ಮಾಳಿಂಗಪ್ಪ. “ಮೇಡಂ, ಕರೆಂಟು ಹೋತು. ಆರೂ ಇಪ್ಪತ್ತೈದು ಅಂತ ಹಾಕೀನಿ.”

ಇಡೀ ಊರು ಫೋನು ಹಿಡಿದು ಕಾದಿರುವ ನಿಮಿಷ ಅದು. ಒಂದು ಲಕ್ಷ ಹನ್ನೆರಡು ಸಾವಿರ ನಕಲುಗಳು ಅಳಿಯಬೇಕು. ನೇತ್ರಾವತಿಯ ಬೆರಳು ಬಾಯಿಗೆ ಹೋಯಿತು. ತೆರೆಯ ಮೇಲೆ ಅಂಕಿಗಳು ಓಡತೊಡಗಿದವು: ಇನ್ನೂರು, ನಾನೂರು, ಎಂಟುನೂರು, ಸಾವಿರದಾರುನೂರು. ಅಷ್ಟರಲ್ಲಿ ಗೂಡು ಒಮ್ಮೆ ತೇಕಿತು. ಬುಧವಾರ ಕಟ್ಟಿದ ಅದೇ ಉಸಿರು. ಆದರೆ ಮುಂದಿನ ಅಂಕಿ ತಾನಾಗಿ ಎಂಟುನೂರಕ್ಕೆ ಇಳಿದಿತ್ತು. ಮತ್ತೆ ತೇಕಿತು, ನಾನೂರು. ಈಗ ಉಸಿರು ಸಲೀಸು. ಆರುನೂರು, ಎಂಟುನೂರು, ಸಾವಿರ, ಸಾವಿರದಿನ್ನೂರು. ಯಾರ ಕೈಯೂ ತಾಕದೆ ಚಾವಿ ತಿರುಗುತ್ತಿತ್ತು, ಕಟ್ಟುತ್ತಿತ್ತು, ಮತ್ತೆ ಬಿಡುತ್ತಿತ್ತು.

“ಏ!” ರಂಗವ್ವನ ಕೂಗು. “ಆರು ಇದ್ದದ್ದು ಆರೂ ಇಪ್ಪತ್ತೈದು ಆತು! ನನ್ನ ಕಣ್ಣಮುಂದೇ ಆತು!”

“ನಂದ್ರಾಗೂ ಆತು!” ಎಂದು ಪಕ್ಕದ ಮನೆ. “ನಮ್ದೂ!” ಎಂದು ಕೊನೆಯ ಮನೆ.

ಫೋನು ಬಡಿದಾಗಿನಿಂದ ಎಣಿಸುತ್ತಿದ್ದ ಜಂಬಯ್ಯ ಗಡಿಯಾರದಿಂದ ತಲೆಯೆತ್ತಿದರು. “ಒಂದು ನಿಮಿಷ ನಲವತ್ತು ಸೆಕೆಂಡು” ಎಂದರು. ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕಿ ಸಿಕ್ಕದೆ ಹೋದ ಮೇಷ್ಟ್ರ ದನಿಯಲ್ಲಿ.

ಪರೀಕ್ಷೆ ಅಷ್ಟಕ್ಕೆ ಮುಗಿಯಲಿಲ್ಲ. ಆರೂ ನಾಲ್ಕಕ್ಕೆ ಮತ್ತೆ ಮಾಳಿಂಗಪ್ಪ: “ಮೇಡಂ, ಕರೆಂಟು ಬಂದೇಬಿಡ್ತು! ಆರೂ ಹನ್ನೆರಡಕ್ಕೆ ಬಿಡಬಹುದು ಅಂತ ಹಾಕಿಬಿಟ್ಟೆ. ತಪ್ಪಾತೇನ್ರಿ?”

“ಇಲ್ಲ ಸಾರ್” ಎಂದಳು ನೇತ್ರಾವತಿ. ಈ ಸಲ ಆಕೆ ತೆರೆಯ ಕಡೆ ನೋಡಲೂ ಇಲ್ಲ; ಲ್ಯಾಪ್‌ಟಾಪನ್ನು ಹೊಸ್ತಿಲ ಮೇಲಿಟ್ಟು ಎದ್ದು, ಜಗಲಿಗಳನ್ನೇ ನೋಡುತ್ತ ನಿಂತಳು. ಒಂದೊಂದಾಗಿ ಮುಖಗಳು ಫೋನುಗಳ ಮೇಲೆ ಬಾಗಿದವು, ಒಂದೊಂದಾಗಿ ಅರಳಿದವು. ಚಹಾ ಕುಡಿಯಲು ಒಳಗೆ ಹೋಗಿದ್ದವರು ಕೊಡ ಹಿಡಿದು ಹೊರಗೆ ಬಂದರು. ಯಾರೂ ಕೂಗಿ ಕರೆದಿರಲಿಲ್ಲ.

“ಒಂದೂ ಮೂವತ್ತನಾಲ್ಕು!” ಜಂಬಯ್ಯ ಎದ್ದುನಿಂತಿದ್ದರು. ಗಡಿಯಾರ ಹಿಡಿದ ಕೈ ತಲೆಯ ಮೇಲಿತ್ತು. “ಮೊದಲಿಗಿಂತ ಬೇಗ!”

ಆರೂ ಹನ್ನೆರಡಕ್ಕೆ ಹಯಾತ್ ಸಾಬ್ ಬಿಸ್ಮಿಲ್ಲಾ ಎಂದು ಚಾವಿಗೆ ಕೈಹಾಕಿದರು. ಎರಡು ಸುತ್ತು, ಅಂಗೈ, ನಾಲ್ಕು ಸುತ್ತು. ನಲ್ಲಿಗಳು ಕೆಮ್ಮಿದವು, ಉಗುಳಿದವು, ಆಮೇಲೆ ಇಪ್ಪತ್ತೇಳು ಮನೆಗಳ ಮುಂದೆ ತುಂಗಭದ್ರೆ ಕೊಡಗಳಿಗೆ ಇಳಿಯಿತು. ಒಂದು ಕೊಡವೂ ತಡವಾಗಿ ಬರಲಿಲ್ಲ, ಒಂದು ಕೊಡವೂ ಬರಿದಾಗಿ ಹೋಗಲಿಲ್ಲ. ಏಳಕ್ಕೆಲ್ಲ ಮಂಡಕ್ಕಿ ಭಟ್ಟಿಯ ಹೆಂಗಸರು ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಟರು. ಹೋಗುವಾಗ ಒಬ್ಬೊಬ್ಬಳೂ ನೇತ್ರಾವತಿಯ ಹೊಸ್ತಿಲ ಕಡೆ ಒಮ್ಮೆ ಕೈಯೆತ್ತಿ ಹೋದಳು.

“ಮೈಕಿನ ಆಟೊದವನಿಗೆ ಫೋನ್ ಮಾಡಿ ಬ್ಯಾಡ ಅಂತ ಹೇಳ್ತೀನಮ್ಮ” ಎಂದರು ಜಂಬಯ್ಯ, ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳುತ್ತ. “ಆ ಅರವತ್ತು ಸಾಲು ನನಗೊಮ್ಮೆ ತೋರ್ಸು. ಅರ್ಥ ಆಗಲ್ಲ. ಆದ್ರೂ ನೋಡ್ಬೇಕು.”

ಹಯಾತ್ ಸಾಬ್ ಚಾವಿ ಹೆಗಲಿಗೇರಿಸಿ ಬಂದರು. “ನಿನ್ನ ಮಿಷನ್ನಿಗೂ ಕಿವಿ ಬಂತಲ್ಲ ತಂಗಿ.”

“ನೀವು ಕೊಟ್ಟದ್ದು ಸಾಬ್ರೇ.”

“ನಾನೇನು ಕೊಟ್ಟೆ? ಅವತ್ತು ಚೀಟಿ ಕೇಳಿದಿ, ಅದನ್ನೂ ಬರಕೊಡ್ಲಿಲ್ಲ” ಎಂದು ನಗುತ್ತ ಮುಂದಿನ ವಾಲಿಗೆ ನಡೆದರು.

ಬಿಸಿಲು ಜಗಲಿಗೆ ಬಂದಾಗ ನೇತ್ರಾವತಿ ಕಚೇರಿಗೆ ಹೊರಡಲೆಂದು ಒಳಗೆ ಕಾಲಿಟ್ಟಳು. ಹಿಂದಿನಿಂದ ಯಾರೋ ಸೆರಗು ಹಿಡಿದರು. ರಂಗವ್ವ, ಇನ್ನೊಂದು ಕೈಯಲ್ಲಿ ಹರಳೆಣ್ಣೆಯ ಬಟ್ಟಲು.

“ಎಲ್ಲಿಗೆ ಹೊಂಟಿ? ಕಚೇರಿಗೆ ತಡ ಆಗ್ತೈತೆ ಅಂತ ಹೇಳಿಬಿಡು. ಬಾ, ಕೂಡು ಇಲ್ಲಿ.”

“ಅವ್ವಾ, ಏನಿದು?”

“ಯುಗಾದಿ ದಿನ ಕೇರಿಯೆಲ್ಲ ಹೆಂಗೋ ನೀರು ತಂದು ಮಿಂದ್ವಿ. ನೀನು ಒರೆಸ್ಕೊಂಡು ಕೂತಿ. ನನಗೆ ಗೊತ್ತಿಲ್ಲ ಅಂದ್ಕೊಂಡೀಯಾ? ನನ್ನ ಬಾಯಿಗೆ ಹೆದರಿ ಹಬ್ಬದ ಸ್ನಾನ ಬಿಟ್ಟವಳು ನೀನೊಬ್ಳೇ ನೋಡು ಈ ಕೇರ್ಯಾಗ.” ಮುದುಕಿ ಆಕೆಯನ್ನು ಜಗಲಿಯ ಮೆಟ್ಟಿಲ ಮೇಲೆ ಅದುಮಿ ಕೂರಿಸಿ, ನಡುನೆತ್ತಿಗೆ ಎಣ್ಣೆ ಸುರಿದು, ಅಂಗೈಯಿಂದ ತಟತಟ ತಟ್ಟಿದಳು. “ಹಂಡೆ ತುಂಬ ಕಾಯಿಸೀನಿ. ನೀನು ಹೇಳಿದ ಟೈಮಿಗೆ ಬಂದ ನೀರು. ಇನ್ನ ಇದನ್ನ ನೀನೇ ಮೀಯಬೇಕು.”

ನೇತ್ರಾವತಿ ಕಣ್ಣು ಮುಚ್ಚಿದಳು. ಎಣ್ಣೆ ಕಿವಿಯ ಹಿಂದಿನಿಂದ ಕತ್ತಿಗಿಳಿಯಿತು. ಒಳಗೆ ಬಚ್ಚಲಲ್ಲಿ ಹಂಡೆ ಕುದಿಯುವ ಸದ್ದು ಕೇಳುತ್ತಿತ್ತು.